ಕೊಡಗಿನ ಮನೆಗೆ ಎಷ್ಟು ಇಂಚಿನ ಟಿವಿ ಸರಿ? ಅಂಗಡಿಗೆ ಹೋಗುವ ಮುನ್ನ ಟೇಪು ಹಿಡಿದು ನೋಡಿ

ಮಡಿಕೇರಿ: ಕಾಫಿ ದುಡ್ಡು ಕೈಗೆ ಬಂದಾಗ, ಪುತ್ತರಿ ಅಥವಾ ದೀಪಾವಳಿ ಆಫರ್ ಬಂದಾಗ ಹೊಸ ಟಿವಿ ತಗೊಳ್ಳೋಣ ಅನ್ನೋ ಮಾತು ಮನೆಮನೆಯಲ್ಲೂ ಬರುತ್ತೆ. ಅಂಗಡಿಗೆ ಹೋದ ಮೇಲೆ ಎಲ್ಲರ ಕಣ್ಣೂ ದೊಡ್ಡ ಸ್ಕ್ರೀನ್ ಮೇಲೇ. 43 ಇಂಚು ಅಂತ ಲೆಕ್ಕ ಹಾಕಿಕೊಂಡು ಹೋದವರು 55 ಇಂಚು ಜೀಪಿಗೆ ಹಾಕಿಕೊಂಡು ಬರುತ್ತಾರೆ. ಮನೆಗೆ ತಂದ ಮೇಲೆ ಶೋಕೇಸ್‌ನಲ್ಲಿ ಹಿಡಿಯಲ್ಲ, ಇಲ್ಲಾಂದ್ರೆ ಚಿತ್ರ ಮಸುಕು ಮಸುಕು. ಬಾಕ್ಸ್ ಒಡೆದ ಮೇಲೆ ವಾಪಸ್ ಕೊಡೋದು ಸುಲಭ ಅಲ್ಲ.

ಟಿವಿ ಸೈಜ್ ಆರಿಸೋಕೆ ದೊಡ್ಡ ವಿದ್ಯೆ ಬೇಡ. ಮೂರು ವಿಷಯ ಗೊತ್ತಿದ್ದರೆ ಸಾಕು: ಕೂತ ಜಾಗದಿಂದ ಟಿವಿಗೆ ಎಷ್ಟು ಅಡಿ, ಮನೆಗೆ ಬರೋ ಸಿಗ್ನಲ್ ಎಂಥದ್ದು, ಗೋಡೆ ಹೇಗಿದೆ. ಪೂರ್ತಿ ವಿವರ ಇಲ್ಲಿದೆ.

ಇಂಚು ಅಂದ್ರೆ ಯಾವ ಅಳತೆ?

ಟಿವಿ ಇಂಚನ್ನು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆಯುತ್ತಾರೆ. ಅದು ಅಗಲವೂ ಅಲ್ಲ, ಎತ್ತರವೂ ಅಲ್ಲ. ಬಾಕ್ಸ್ ಮೇಲೆ 80 ಸೆಂ.ಮೀ., 108 ಸೆಂ.ಮೀ., 139 ಸೆಂ.ಮೀ. ಅಂತ ಬರೆದಿರೋದೂ ಇದೇ ಓರೆ ಅಳತೆ. ಒಂದು ಇಂಚಿಗೆ 2.54 ಸೆಂ.ಮೀ. ಈಗಿನ ಎಲ್ಲಾ ಟಿವಿಗಳ ಆಕಾರ 16ಕ್ಕೆ 9. ಹಾಗಾಗಿ ಸ್ಕ್ರೀನಿನ ನಿಜವಾದ ಅಳತೆ ಹೀಗಿರುತ್ತೆ:

32 ಇಂಚು: ಅಗಲ 71 ಸೆಂ.ಮೀ., ಎತ್ತರ 40 ಸೆಂ.ಮೀ.
43 ಇಂಚು: ಅಗಲ 95 ಸೆಂ.ಮೀ., ಎತ್ತರ 54 ಸೆಂ.ಮೀ.
50 ಇಂಚು: ಅಗಲ 111 ಸೆಂ.ಮೀ., ಎತ್ತರ 62 ಸೆಂ.ಮೀ.
55 ಇಂಚು: ಅಗಲ 122 ಸೆಂ.ಮೀ., ಎತ್ತರ 68 ಸೆಂ.ಮೀ.
65 ಇಂಚು: ಅಗಲ 144 ಸೆಂ.ಮೀ., ಎತ್ತರ 81 ಸೆಂ.ಮೀ.
75 ಇಂಚು: ಅಗಲ 166 ಸೆಂ.ಮೀ., ಎತ್ತರ 93 ಸೆಂ.ಮೀ.

ಇದು ಬರೀ ಸ್ಕ್ರೀನ್ ಲೆಕ್ಕ. ಸುತ್ತ ಅಂಚು ಸೇರಿ ಒಂದೆರಡು ಸೆಂ.ಮೀ. ಜಾಸ್ತಿ ಆಗುತ್ತೆ. ಶೋಕೇಸ್ ಇರೋ ಮನೆಯವರು ಇಲ್ಲೇ ಎಡವೋದು. ಆಚಾರಿ ಕೈಲಿ 4 ಅಡಿಗೆ ಮಾಡಿಸಿದ ಖಾನೆ ಅಂದ್ರೆ 122 ಸೆಂ.ಮೀ. 55 ಇಂಚಿನ ಟಿವಿಯ ಸ್ಕ್ರೀನೇ 122 ಸೆಂ.ಮೀ., ಅಂಚು ಸೇರಿದರೆ ಖಾನೆ ಒಳಗೆ ಹೋಗಲ್ಲ. ಆ ಖಾನೆಗೆ 50 ಇಂಚು ಸರಿಯಾಗುತ್ತೆ, ಗಾಳಿ ಆಡೋಕೂ ಸ್ವಲ್ಪ ಜಾಗ ಉಳಿಯುತ್ತೆ.

ಹಳೇ ಡಬ್ಬಾ ಟಿವಿ ಬದಲಾಯಿಸೋರು ಇನ್ನೊಂದು ಗಮನಿಸಬೇಕು. ಹಳೇ ಟಿವಿ ಆಕಾರ 4ಕ್ಕೆ 3, ಅಂದರೆ ಚೌಕಕ್ಕೆ ಹತ್ತಿರ. 29 ಇಂಚಿನ ಹಳೇ ಟಿವಿಯ ಸ್ಕ್ರೀನ್ ಎತ್ತರ ಸುಮಾರು 44 ಸೆಂ.ಮೀ. ಇತ್ತು. ಹೊಸ 32 ಇಂಚಿನ ಟಿವಿಯ ಎತ್ತರ 40 ಸೆಂ.ಮೀ. ಮಾತ್ರ. 'ಹೊಸ ಟಿವಿ ತಂದ್ರೂ ಮುಖ ಚಿಕ್ಕದಾಗಿ ಕಾಣ್ತದೆ' ಅಂತ ಮನೆಯ ಹಿರಿಯರು ಹೇಳಿದರೆ ಅದು ಸುಳ್ಳಲ್ಲ. 29ರ ಜಾಗಕ್ಕೆ 40 ಇಂಚಿನ ಮೇಲಿನದ್ದು ತಂದರೆ ಮಾತ್ರ ಚಿತ್ರ ದೊಡ್ಡದಾಯ್ತು ಅನ್ನಿಸುತ್ತೆ.

ದೂರ ಅಳೆಯೋದು ಹೇಗೆ?

ಹೆಚ್ಚಿನವರು ಗೋಡೆಯಿಂದ ಗೋಡೆಗೆ ಟೇಪು ಹಿಡಿಯುತ್ತಾರೆ. ಅದು ತಪ್ಪು ಲೆಕ್ಕ. ಅಳೆಯಬೇಕಾದ್ದು ಕಣ್ಣಿನಿಂದ ಸ್ಕ್ರೀನಿಗೆ. ಸೋಫಾ ಗೋಡೆಗೆ ಒರಗಿದ್ದರೂ ಕೂತವರ ಕಣ್ಣು ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದೆ ಇರುತ್ತೆ. ಟಿವಿ ಸ್ಟ್ಯಾಂಡ್ ಮೇಲಿದ್ದರೆ ಆ ಕಡೆಯಿಂದ ಇನ್ನೂ ಒಂದು ಅಡಿ ಹೋಗುತ್ತೆ. ಗೋಡೆಗೆ ಹಾಕಿದ್ದರೆ ಅರ್ಧ ಅಡಿಗಿಂತ ಕಡಿಮೆ.

ಕುಶಾಲನಗರದ ಕಡೆ 30×40 ಸೈಟಿನಲ್ಲಿ ಕಟ್ಟಿದ ಮನೆಯ ಹಾಲ್ 12 ಅಡಿ ಇದೆ ಅಂದುಕೊಳ್ಳಿ. ಕಳೆದು ಉಳಿಯೋದು 9ರಿಂದ 10 ಅಡಿ. ತೋಟದ ಲೈನ್ ಮನೆಯ 10×10 ಕೋಣೆಯಲ್ಲಿ 7ರಿಂದ 8 ಅಡಿ. ಮಡಿಕೇರಿ ಪೇಟೆಯ ಇಕ್ಕಟ್ಟಿನ ಬಾಡಿಗೆ ಮನೆಗಳಲ್ಲಿ 6 ಅಡಿ ಸಿಕ್ಕಿದರೂ ಹೆಚ್ಚು. ಮನೆಯಲ್ಲಿ ಎಲ್ಲರೂ ಒಂದೇ ಕಡೆ ಕೂರಲ್ಲ ಅನ್ನೋದು ನಿಜ. ದಿನಾ ಹೆಚ್ಚು ಹೊತ್ತು ನೋಡೋರು ಎಲ್ಲಿ ಕೂರುತ್ತಾರೋ ಆ ಜಾಗದಿಂದ ಅಳೆಯಿರಿ.

ನೆನಪಿಡಬೇಕಾದ ಮೂರು ಸಂಖ್ಯೆ: 4, 5, 7.5

ಎಷ್ಟು ಅಡಿ ಅಂತ ಗೊತ್ತಾದ ಮೇಲೆ ಗುಣಿಸಿದರೆ ಆಯ್ತು.

ಅಡಿ × 4: ಮನೆಯಲ್ಲಿ ಬರೀ ಫ್ರೀ ಡಿಶ್ ಅಥವಾ ಸಾದಾ ಎಸ್‌ಡಿ ಚಾನೆಲ್ ಇದ್ದರೆ.
ಅಡಿ × 5: ಎಚ್‌ಡಿ ಬಾಕ್ಸ್ ಇದೆ, ಸೀರಿಯಲ್, ನ್ಯೂಸ್, ಅಡುಗೆ ಕಾರ್ಯಕ್ರಮ ಎಲ್ಲಾ ನೋಡ್ತಾರೆ ಅಂತಿದ್ದರೆ.
ಅಡಿ × 7.5: ಎಚ್‌ಡಿ, 4ಕೆ ಸಿನಿಮಾ, ಮ್ಯಾಚ್ ಅಂತ ಥಿಯೇಟರ್ ರೀತಿ ನೋಡೋ ಆಸೆ ಇದ್ದರೆ.

ಬಂದ ಉತ್ತರವೇ ಇಂಚು. 8 ಅಡಿ ದೂರ ಇದ್ದರೆ ಎಸ್‌ಡಿಗೆ 32, ಸಾಮಾನ್ಯ ಬಳಕೆಗೆ 40ರ ಆಸುಪಾಸು ಅಂದ್ರೆ 43, ಸಿನಿಮಾ ಹುಚ್ಚು ಇದ್ದರೆ 55ರಿಂದ 60. 10 ಅಡಿ ಇದ್ದರೆ ಕ್ರಮವಾಗಿ 40, 50, 75. 6 ಅಡಿ ಇದ್ದರೆ 24, 32, 43.

ಈ ಸಂಖ್ಯೆಗಳು ಎಲ್ಲಿಂದ ಬಂದವು ಅಂತ ಕೇಳೋರಿಗೆ: 7.5ರ ಲೆಕ್ಕದಲ್ಲಿ ಸ್ಕ್ರೀನ್ ಕಣ್ಣಿನ ಮುಂದೆ ಸುಮಾರು 30 ಡಿಗ್ರಿ ಕೋನ ತುಂಬುತ್ತೆ. ಸಿನಿಮಾ ಎಂಜಿನಿಯರ್‌ಗಳ ಅಮೆರಿಕದ ಸಂಸ್ಥೆ ಎಸ್‌ಎಂಪಿಟಿಇ ಹೆಸರಿನಲ್ಲಿ ಹೇಳೋ ಅಳತೆ ಇದೇ. ಟಿಎಚ್‌ಎಕ್ಸ್ ಅನ್ನೋ ಇನ್ನೊಂದು ಮಾನದಂಡ 40 ಡಿಗ್ರಿವರೆಗೂ ಹೋಗುತ್ತೆ. ಅದರ ಪ್ರಕಾರ ಅಡಿಯನ್ನು 10ರಿಂದ ಗುಣಿಸಬೇಕು. ಅಷ್ಟು ದೊಡ್ಡದು ಕತ್ತಲೆ ಕೋಣೆಯಲ್ಲಿ ಕೂತು ಸಿನಿಮಾ ಮಾತ್ರ ನೋಡೋರಿಗೆ. 5ರ ಲೆಕ್ಕಕ್ಕೆ ಕೋನ ಸುಮಾರು 20 ಡಿಗ್ರಿ. ನಡುವೆ ಎದ್ದು ಹೋಗ್ತಾ, ಮಾತಾಡ್ತಾ, ದಿನಕ್ಕೆ ಮೂರ್ನಾಲ್ಕು ಗಂಟೆ ಟಿವಿ ಹಾಕಿರೋ ಮನೆಗೆ ಇದು ಹಿತ. 4ರ ಲೆಕ್ಕ ಬಂದಿದ್ದು ಸಿಗ್ನಲ್‌ನಿಂದ.

ಅಸಲಿ ತೊಂದರೆ ಸಿಗ್ನಲ್‌ದು

ಕೊಡಗಿನಲ್ಲಿ ಪೇಟೆ ದಾಟಿದರೆ ಮನೆಯಿಂದ ಮನೆಗೆ ದೂರ, ಗುಡ್ಡ, ತೋಟ, ಮರ. ಕೇಬಲ್ ಎಳೆಯೋದು ಎಲ್ಲಾ ಕಡೆ ಆಗಲ್ಲ. ಹಾಗಾಗಿ ಒಂಟಿ ಮನೆಗಳ ಮಾಡಿನ ಮೇಲೆ ಕಾಣೋದು ಡಿಶ್. ತಿಂಗಳ ದುಡ್ಡು ಕಟ್ಟೋದು ಬೇಡ ಅನ್ನೋರಿಗೆ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. ಇದರಲ್ಲಿ ಬರೋ ಚಾನೆಲ್‌ಗಳಲ್ಲಿ ಹೆಚ್ಚಿನವು ಎಸ್‌ಡಿ.

ಎಸ್‌ಡಿ ಚಿತ್ರದಲ್ಲಿ ಮೇಲಿಂದ ಕೆಳಗೆ ಇರೋದು 576 ಗೆರೆ. ಫುಲ್ ಎಚ್‌ಡಿಯಲ್ಲಿ 1080, 4ಕೆಯಲ್ಲಿ 2160. ಟಿವಿ ಎಷ್ಟೇ ದೊಡ್ಡದಿರಲಿ, ಬರೋ ಗೆರೆ ಅಷ್ಟೇ. ದೊಡ್ಡ ಸ್ಕ್ರೀನ್ ಅದೇ 576 ಗೆರೆಯನ್ನು ಎಳೆದು ಹರಡುತ್ತೆ. ರೊಟ್ಟಿ ಹಿಟ್ಟು ಅಷ್ಟೇ ಇದ್ದು ಹಂಚು ದೊಡ್ಡದು ಮಾಡಿದ ಹಾಗೆ.

ಸರಿಯಾದ ಕಣ್ಣಿಗೆ ಎಸ್‌ಡಿ ಚಿತ್ರ ಮಸುಕು ಅನ್ನಿಸಬಾರದು ಅಂದ್ರೆ ಸ್ಕ್ರೀನ್ ಎತ್ತರದ ಸುಮಾರು ಆರು ಪಟ್ಟು ದೂರ ಕೂರಬೇಕು. ಅಂದರೆ 32 ಇಂಚಿಗೆ ಸುಮಾರು 8 ಅಡಿ, 43 ಇಂಚಿಗೆ ಹತ್ತೂವರೆ ಅಡಿ, 55 ಇಂಚಿಗೆ 13 ಅಡಿಗೂ ಹೆಚ್ಚು. 13 ಅಡಿ ದೂರ ಸಿಗೋ ಹಾಲ್ ಎಷ್ಟು ಮನೆಯಲ್ಲಿದೆ? ಫ್ರೀ ಡಿಶ್ ಇಟ್ಟುಕೊಂಡು 55 ಇಂಚು ತಂದವರು 'ಕಂಪನಿ ಸರಿ ಇಲ್ಲ' ಅಂತ ಅಂಗಡಿಗೆ ಬಂದು ಜಗಳ ಆಡೋದು ಇದಕ್ಕೇ. ಟಿವಿ ಸರಿಯೇ ಇರುತ್ತೆ.

ಹಾಕಿ ಬಾಲ್ ಲೆಕ್ಕ

ಕೊಡಗಿನವರಿಗೆ ಇದು ಹಾಕಿ ಉದಾಹರಣೆಯಲ್ಲಿ ಬೇಗ ಅರ್ಥ ಆಗುತ್ತೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯನ್ನು ಗ್ಯಾಲರಿಯಲ್ಲಿ ಕೂತು ನೋಡೋರಿಗೆ ಬಾಲ್ ಚೆನ್ನಾಗೇ ಕಾಣುತ್ತೆ. ಟೋಕಿಯೊ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ಕಂಚು ಗೆದ್ದ ಪಂದ್ಯಗಳನ್ನು ನೋಡಿದ್ದು ಮಾತ್ರ ಟಿವಿಯಲ್ಲೇ.

ಹಾಕಿ ಮೈದಾನದ ಉದ್ದ 91.4 ಮೀಟರ್. ಬಾಲ್ ದಪ್ಪ ಸುಮಾರು 7.3 ಸೆಂ.ಮೀ. ಕ್ಯಾಮೆರಾ ಅರ್ಧ ಮೈದಾನ, ಅಂದರೆ ಸುಮಾರು 45 ಮೀಟರ್ ತೋರಿಸ್ತಿದೆ ಅಂದುಕೊಳ್ಳಿ. ಎಸ್‌ಡಿಯಲ್ಲಿ ಅಡ್ಡಕ್ಕೆ ಇರೋದು 720 ಚುಕ್ಕಿ. ಒಂದೊಂದು ಚುಕ್ಕಿಗೆ ಮೈದಾನದ 6 ಸೆಂ.ಮೀ.ಗೂ ಸ್ವಲ್ಪ ಹೆಚ್ಚು ಜಾಗ. ಬಾಲ್ ಅಂದ್ರೆ ಒಂದೇ ಒಂದು ಚುಕ್ಕಿ! ಬಾಲ್ ಜೋರಾಗಿ ಓಡಿದಾಗ ಅದೂ ಕಲಸಿ ಹೋಗುತ್ತೆ. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ 1920 ಚುಕ್ಕಿ ಇರೋದರಿಂದ ಅದೇ ಬಾಲ್‌ಗೆ ಮೂರು ಚುಕ್ಕಿ ಸಿಗುತ್ತೆ.

ಇನ್ನು ಸೈಜ್. 43 ಇಂಚಿನ ಸ್ಕ್ರೀನಿನಲ್ಲಿ ಆ ಬಾಲ್ ಒಂದೂವರೆ ಮಿ.ಮೀ., 65 ಇಂಚಿನಲ್ಲಿ 2.3 ಮಿ.ಮೀ. ದೊಡ್ಡ ಟಿವಿಯಲ್ಲಿ ಬಾಲ್ ದೊಡ್ಡದಾಗಿ ಕಾಣೋದು ಖಂಡಿತ. ಆದರೆ ಸಿಗ್ನಲ್ ಎಸ್‌ಡಿ ಆಗಿದ್ದರೆ ದೊಡ್ಡದಾಗೋದು ಒಂದು ಮಸುಕು ಚುಕ್ಕಿ ಅಷ್ಟೇ. ಮ್ಯಾಚ್‌ಗೋಸ್ಕರ ಟಿವಿ ಬದಲಾಯಿಸೋರು ಮೊದಲು ಎಚ್‌ಡಿ ಬಾಕ್ಸ್‌ಗೆ ದುಡ್ಡು ಹಾಕಿ, ಆಮೇಲೆ ಇಂಚಿಗೆ ಹಾಕೋದು ಲಾಭ.

ವೈರ್ ಒಮ್ಮೆ ನೋಡಿ

ಕೆಲವು ಮನೆಗಳಲ್ಲಿ ಎಚ್‌ಡಿ ಬಾಕ್ಸ್ ಇರುತ್ತೆ, ತಿಂಗಳಿಗೆ ಎಚ್‌ಡಿ ಪ್ಯಾಕ್‌ಗೆ ದುಡ್ಡೂ ಹೋಗ್ತಿರುತ್ತೆ. ಆದರೆ ಬಾಕ್ಸ್‌ನಿಂದ ಟಿವಿಗೆ ಹಳೇ ಹಳದಿ, ಕೆಂಪು, ಬಿಳಿ ವೈರೇ ಚುಚ್ಚಿರುತ್ತಾರೆ. ಆ ವೈರಿನಲ್ಲಿ ಎಚ್‌ಡಿ ಬರಲ್ಲ, ಬರೋದು ಎಸ್‌ಡಿ. ಎಚ್‌ಡಿಎಂಐ ಕೇಬಲ್ ಹಾಕಿದರೆ ಚಿತ್ರ ಕೂಡಲೇ ಬದಲಾಗುತ್ತೆ. ಹೊಸ ಟಿವಿ ಬೇಕು ಅಂತ ತೀರ್ಮಾನ ಮಾಡೋ ಮೊದಲು ಇದನ್ನು ನೋಡಿಕೊಳ್ಳಿ. ಕೆಲವರಿಗೆ ಹೊಸ ಟಿವಿಯೇ ಬೇಡ ಅನ್ನಿಸಬಹುದು.

ಮುಖ ಎಲ್ಲಾ ಅಡ್ಡಕ್ಕೆ ಊದಿದ ಹಾಗೆ ಕಂಡರೆ, ಹಳೇ 4ಕ್ಕೆ 3 ಚಿತ್ರವನ್ನು ಟಿವಿ ಎಳೆದು ತೋರಿಸ್ತಿದೆ ಅಂತ ಅರ್ಥ. ರಿಮೋಟ್‌ನಲ್ಲಿ ಪಿಕ್ಚರ್ ಸೈಜ್ ಸರಿ ಮಾಡಿದರೆ ಆಯ್ತು. ಮಳೆಗಾಲದಲ್ಲಿ ಡಿಶ್ ಸಿಗ್ನಲ್ ಹೋಗೋದಕ್ಕೂ ಟಿವಿಗೂ ಸಂಬಂಧ ಇಲ್ಲ. ಡಿಟಿಎಚ್ ಬಳಸೋ ತರಂಗಗಳನ್ನು ಜೋರು ಮಳೆ ತಡೆಯುತ್ತೆ. ಡಿಶ್ ಸರಿಯಾಗಿ ತಿರುಗಿಸಿ ಬಿಗಿ ಮಾಡಿಸಿದರೆ ಸ್ವಲ್ಪ ಕಡಿಮೆ ಆಗುತ್ತೆ.

4ಕೆ ಬೇಕಾ?

ಈಗ 43 ಇಂಚಿನಿಂದ ಮೇಲಿನ ಟಿವಿಗಳಲ್ಲಿ ಹೆಚ್ಚಿನವು 4ಕೆ ಆಗೇ ಬರುತ್ತವೆ. ಅದಕ್ಕೆ ಅಂತ ತುಂಬಾ ದುಡ್ಡು ಜಾಸ್ತಿ ಕೊಡಬೇಕಾ ಅನ್ನೋದೇ ಪ್ರಶ್ನೆ. ಕಣ್ಣಿಗೆ ಒಂದು ಮಿತಿ ಇದೆ. 43 ಇಂಚಿನಲ್ಲಿ ಐದೂವರೆ ಅಡಿಗಿಂತ ದೂರ ಕೂತರೆ ಫುಲ್ ಎಚ್‌ಡಿಗೂ 4ಕೆಗೂ ಚುರುಕಿನಲ್ಲಿ ವ್ಯತ್ಯಾಸ ಕಾಣಲ್ಲ. 55 ಇಂಚಿನಲ್ಲಿ ಆ ಗಡಿ 7 ಅಡಿ, 65 ಇಂಚಿನಲ್ಲಿ ಎಂಟೂವರೆ ಅಡಿ. 32 ಇಂಚಿನ ಎಚ್‌ಡಿ ರೆಡಿ ಟಿವಿಯೂ 6 ಅಡಿ ದೂರದಿಂದ ಚೊಕ್ಕವಾಗೇ ಕಾಣುತ್ತೆ.

4ಕೆ ಚಿತ್ರ ಇಂಟರ್ನೆಟ್‌ನಲ್ಲಿ ಬರಬೇಕು ಅಂದ್ರೆ ಲೈನ್ ಚೆನ್ನಾಗಿರಬೇಕು. ನೆಟ್‌ಫ್ಲಿಕ್ಸ್ ಹೇಳೋ ಪ್ರಕಾರ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ವೇಗ ಬೇಕು. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ, 4ಕೆಯಲ್ಲಿ 7 ಜಿಬಿವರೆಗೆ ಡೇಟಾ ಹೋಗುತ್ತೆ. ಫೈಬರ್ ಬಂದಿರೋ ಮನೆಗೆ ತೊಂದರೆ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ ಒಂದೂವರೆ ಎರಡು ಜಿಬಿ ಪ್ಯಾಕ್ ಇಟ್ಟುಕೊಂಡವರಿಗೆ ಒಂದು ಸಿನಿಮಾ ಮುಗಿಯೋ ಮೊದಲೇ ಡೇಟಾ ಖಾಲಿ.

ಯಾವ ಗೋಡೆ, ಎಷ್ಟು ಎತ್ತರ?

ಕೂತಾಗ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತೆ. ಸ್ಕ್ರೀನಿನ ನಡು ಭಾಗ ಅದೇ ಮಟ್ಟಕ್ಕೆ ಬಂದರೆ ಒಳ್ಳೇದು. ಸ್ವಲ್ಪ ಮೇಲಿದ್ದರೂ ನಡೆಯುತ್ತೆ. 8 ಅಡಿ ದೂರದಲ್ಲಿ ಕೂರೋರಿಗೆ ಸ್ಕ್ರೀನ್ ನಡು ಕಣ್ಣಿಗಿಂತ 2 ಅಡಿ ಮೇಲೆ ಹೋದರೆ ಕುತ್ತಿಗೆ ನೋವು ಗ್ಯಾರಂಟಿ. ಹೋಟೆಲ್‌ನಲ್ಲಿ ಹಾಕಿದ ಹಾಗೆ ಮನೆಯಲ್ಲಿ ಮಾಡಿಗೆ ತಾಗುವಂತೆ ಹಾಕಬೇಡಿ. ಹಳೇ ತೋಟದ ಬಂಗಲೆಗಳಲ್ಲಿ ಬೆಂಕಿಗೂಡಿನ ಮೇಲೆ ಟಿವಿ ಹಾಕೋ ಆಸೆ ಕೆಲವರಿಗೆ ಇರುತ್ತೆ. ಅಲ್ಲಿ ಎತ್ತರವೂ ಜಾಸ್ತಿ, ಚಳಿಗಾಲದಲ್ಲಿ ಬೆಂಕಿ ಹಾಕಿದರೆ ಶಾಖ, ಮಸಿ ಎರಡೂ ಟಿವಿಗೇ ಹೋಗುತ್ತೆ.

ಕೊಡಗಿನ ಮಳೆಗೆ ಹೊರಗೋಡೆ ನೆನೆದು ತೇವ ಒಳಗೆ ಬರೋದು ಎಲ್ಲರಿಗೂ ಗೊತ್ತು. ನೈರುತ್ಯ ಮಳೆ ಬಡಿಯೋ ಪಶ್ಚಿಮ, ದಕ್ಷಿಣದ ಹೊರಗೋಡೆಗೆ ಟಿವಿ ಹಾಕದಿರೋದು ಒಳ್ಳೇದು. ಮನೆ ಒಳಗಿನ ಅಡ್ಡಗೋಡೆ ಆರಿಸಿ. ಬೇರೆ ಜಾಗವೇ ಇಲ್ಲಾಂದ್ರೆ ಸ್ಟ್ಯಾಂಡ್ ಮೇಲೆ ಇಟ್ಟು ಗೋಡೆಯಿಂದ ನಾಲ್ಕು ಬೆರಳಾದರೂ ಜಾಗ ಬಿಡಿ. ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತು ಟಿವಿ ಹಾಕಿದರೆ ಒಳಗಿನ ಬಿಸಿಗೆ ತೇವ ಕೂರಲ್ಲ.

ಮಣ್ಣಿನ ಗೋಡೆ ಇರೋ ಹಳೇ ಮನೆಯವರು ತೂಕ ನೋಡಬೇಕು. 43 ಇಂಚಿನ ಟಿವಿ ಸಾಮಾನ್ಯವಾಗಿ 10 ಕೆಜಿ ಒಳಗೆ, 65 ಇಂಚಿನದು 20 ಕೆಜಿ ಆಸುಪಾಸು. ಸಡಿಲ ಗೋಡೆಗೆ ಡ್ರಿಲ್ ಹೊಡೆದು ಇಷ್ಟು ಭಾರ ನೇತು ಹಾಕೋದಕ್ಕಿಂತ ಗಟ್ಟಿ ಮೇಜು ವಾಸಿ. ಚಿಕ್ಕ ಮಕ್ಕಳಿದ್ದರೆ ಮೇಜಿನ ಮೇಲಿನ ಟಿವಿ ಎಳೆದು ಬೀಳಿಸಿಕೊಳ್ಳದ ಹಾಗೆ ಹಿಂದೆ ಬೆಲ್ಟ್ ಕಟ್ಟಿಸಿ.

ಕಿಟಕಿ ಎದುರುಗಡೆ ಟಿವಿ ಹಾಕಿದರೆ ಬೆಳಕು ಸ್ಕ್ರೀನಿನಲ್ಲಿ ಹೊಳೆಯುತ್ತೆ. ಕಿಟಕಿ ಹಿಂದೆ ಇದ್ದರೆ ಕಣ್ಣು ಕುಕ್ಕುತ್ತೆ. ಕಿಟಕಿ ಪಕ್ಕದಲ್ಲಿ ಬರೋ ಗೋಡೆ ಸರಿ. ಮನೆಯವರು ಪಕ್ಕಪಕ್ಕದಿಂದ ನೋಡೋ ಉದ್ದದ ಹಾಲ್ ಆಗಿದ್ದರೆ, ಅಂಗಡಿಯಲ್ಲೇ ಓರೆಯಾಗಿ ನಿಂತು ಬಣ್ಣ ಬಿಳಚುತ್ತಾ ಅಂತ ನೋಡಿ. ಐಪಿಎಸ್ ಪ್ಯಾನೆಲ್‌ನಲ್ಲಿ ಪಕ್ಕದಿಂದಲೂ ಬಣ್ಣ ಉಳಿಯುತ್ತೆ. ವಿಎ ಪ್ಯಾನೆಲ್‌ನಲ್ಲಿ ನೇರ ನೋಡಿದರೆ ಕಪ್ಪು ಚೆನ್ನಾಗಿರುತ್ತೆ, ಪಕ್ಕದಿಂದ ಮಂಕು.

ಮಕ್ಕಳ ಕಣ್ಣು, ಹಿರಿಯರ ಕಣ್ಣು

ಹತ್ತಿರ ಕೂತು ಟಿವಿ ನೋಡಿದರೆ ಕಣ್ಣು ಹೋಗುತ್ತೆ ಅಂತ ಮಕ್ಕಳಿಗೆ ಬೈಯ್ಯೋದು ಹಳೇ ರೂಢಿ. ಹತ್ತಿರ ಕೂತರೆ ಕಣ್ಣು ದಣಿಯುತ್ತೆ, ಒಣಗುತ್ತೆ, ತಲೆನೋವು ಬರಬಹುದು. ಟಿವಿಯಿಂದಲೇ ಕಣ್ಣು ಕೆಟ್ಟು ಹೋಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಆದರೆ ಮಗು ಎಷ್ಟು ಸಲ ಹಿಂದೆ ಕೂರಿಸಿದರೂ ಮತ್ತೆ ಮತ್ತೆ ಟಿವಿ ಹತ್ತಿರವೇ ಹೋಗ್ತಿದೆ ಅಂದ್ರೆ, ದೂರದ್ದು ಕಾಣ್ತಿಲ್ಲ ಅಂತ ಇರಬಹುದು. ದೊಡ್ಡ ಟಿವಿ ತರೋ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಶಾಲೆಯ ಬೋರ್ಡ್ ಸಹ ಆ ಮಗುವಿಗೆ ಕಾಣ್ತಿಲ್ಲದೆ ಇರಬಹುದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋ ಪ್ರಕಾರ ಒಂದು ವರ್ಷದ ಒಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಹಿರಿಯರ ಲೆಕ್ಕ ಬೇರೆ. ಪೊರೆ ಬಂದಿರೋ ಕಣ್ಣಿಗೆ ಕೆಳಗೆ ಓಡೋ ಅಕ್ಷರ ಓದೋಕೆ ಕಷ್ಟ. ಅವರು ಕೂರೋ ಕುರ್ಚಿಯನ್ನು ಎರಡು ಅಡಿ ಮುಂದೆ ಹಾಕಿದರೆ ಖರ್ಚಿಲ್ಲದೆ ಟಿವಿ ದೊಡ್ಡದಾದ ಹಾಗೆ. 10 ಅಡಿಯಿಂದ 8 ಅಡಿಗೆ ಬಂದರೆ 43 ಇಂಚು ಸುಮಾರು 54 ಇಂಚಿನಷ್ಟು ಕಾಣುತ್ತೆ.

ಕರೆಂಟ್, ಸಿಡಿಲು

ಸೈಜ್ ಹೆಚ್ಚಾದ ಹಾಗೆ ಕರೆಂಟೂ ಹೆಚ್ಚು ಎಳೆಯುತ್ತೆ. ಮಾದರಿಯಿಂದ ಮಾದರಿಗೆ ವ್ಯತ್ಯಾಸ ಇರೋದರಿಂದ ಬಿಇಇ ಸ್ಟಾರ್ ಲೇಬಲ್‌ನಲ್ಲಿ ಬರೆದ ಯೂನಿಟ್ ಓದಿ. ಮಳೆಗಾಲದಲ್ಲಿ ಮರ ಬಿದ್ದು ಸೆಸ್ಕ್ ಲೈನ್ ದಿನಗಟ್ಟಲೆ ಹೋಗೋ ಊರುಗಳಲ್ಲಿ ಯುಪಿಎಸ್ ಮೇಲೆ ಟಿವಿ ಓಡಿಸೋರು ಇದನ್ನು ಮರೆಯಬಾರದು. 65 ಇಂಚಿನ ಟಿವಿ ಓಡೋ ಹೊತ್ತಿನಲ್ಲಿ ಮನೆಯ ಹಲವು ಎಲ್‌ಇಡಿ ಬಲ್ಬು ಉರಿಸಬಹುದು.

ಮಾರ್ಚ್‌ನಿಂದ ಮೇವರೆಗೆ ಸಂಜೆ ಗುಡುಗು ಶುರುವಾದರೆ ಪ್ಲಗ್ ಕಿತ್ತರೆ ಸಾಲದು. ಡಿಶ್‌ನಿಂದ ಬರೋ ಕೇಬಲನ್ನೂ ಬಾಕ್ಸ್‌ನಿಂದ ತೆಗೆಯಬೇಕು. ಮಾಡಿನ ಮೇಲಿರೋ ಡಿಶ್ ಮೂಲಕವೂ ಹೊಡೆತ ಒಳಗೆ ಬರುತ್ತೆ. ಸ್ಟೆಬಿಲೈಸರ್ ವೋಲ್ಟೇಜ್ ಏರಿಳಿತಕ್ಕೆ ಅಷ್ಟೇ, ಸಿಡಿಲನ್ನು ತಡೆಯಲ್ಲ. ಸಿಡಿಲಿಗೆ ಹೋದ ಟಿವಿ, ಒಡೆದ ಸ್ಕ್ರೀನ್ ಸಾಮಾನ್ಯವಾಗಿ ವಾರಂಟಿಯಲ್ಲಿ ಬರಲ್ಲ.

ತೆರಿಗೆ ಬದಲಾಗಿದೆ

ಮೊದಲು 32 ಇಂಚಿನವರೆಗಿನ ಟಿವಿಗೆ ಶೇ 18 ಜಿಎಸ್‌ಟಿ, ಅದಕ್ಕಿಂತ ದೊಡ್ಡದಕ್ಕೆ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗೂ ಶೇ 18 ಆಗಿದೆ. ತೆರಿಗೆ ಬಿಟ್ಟು 30,000 ರೂಪಾಯಿಯ ಟಿವಿಗೆ ಮೊದಲು 38,400 ಆಗ್ತಿದ್ದದ್ದು ಈಗ 35,400. ಬಿಲ್‌ನಲ್ಲಿ ಜಿಎಸ್‌ಟಿ ಎಷ್ಟು ಹಾಕಿದ್ದಾರೆ ಅಂತ ನೋಡಿಕೊಳ್ಳಿ. ಬಿಲ್ ಇಲ್ಲದೆ ತಗೊಂಡರೆ ವಾರಂಟಿಗೆ ಹೋದಾಗ ಕಷ್ಟ.

ಅಂಗಡಿಯವರಿಗೂ ಒಂದು ಮಾತು

ದೊಡ್ಡ ಅಂಗಡಿಯಲ್ಲಿ, ಜೋರು ಬೆಳಕಿನಲ್ಲಿ, 75 ಇಂಚಿನ ಪಕ್ಕ ಇಟ್ಟ 43 ಇಂಚು ಯಾರಿಗಾದರೂ ಚಿಕ್ಕದಾಗೇ ಕಾಣುತ್ತೆ. ಡೆಮೊ ವಿಡಿಯೊ ಬೇರೆ 4ಕೆ. ಗಿರಾಕಿ ಬಂದ ಕೂಡಲೇ 'ಬಜೆಟ್ ಎಷ್ಟು' ಅನ್ನೋ ಜೊತೆಗೆ 'ಎಷ್ಟು ಅಡಿ, ಯಾವ ಡಿಶ್' ಅಂತ ಕೇಳಿದರೆ ಆಮೇಲಿನ ಅರ್ಧ ಜಗಳ ತಪ್ಪುತ್ತೆ. ನೆಲದ ಮೇಲೆ 6, 8, 10 ಅಡಿಗೆ ಟೇಪ್ ಅಂಟಿಸಿ, ಒಂದು ಟಿವಿಯಲ್ಲಿ ಫ್ರೀ ಡಿಶ್ ಚಾನೆಲ್ ಹಾಕಿ ತೋರಿಸಿದರೆ ಗಿರಾಕಿಯೇ ತೀರ್ಮಾನ ಮಾಡುತ್ತಾರೆ. ಸರಿಯಾದ ಸೈಜ್ ಕೊಟ್ಟ ಅಂಗಡಿಗೆ ಫ್ರಿಜ್‌ಗೂ ಅದೇ ಮನೆಯವರು ಬರುತ್ತಾರೆ.

ಆನ್‌ಲೈನ್‌ನಲ್ಲಿ ತರಿಸೋರು ಪಿನ್‌ಕೋಡ್ ಹಾಕಿ ಮನೆವರೆಗೆ ಬರುತ್ತಾ, ಗೋಡೆಗೆ ಹಾಕಿಕೊಡೋಕೆ ಯಾರು ಬರುತ್ತಾರೆ, ಹತ್ತಿರದ ಸರ್ವಿಸ್ ಎಲ್ಲಿ ಅಂತ ಮೊದಲೇ ಕೇಳಿ. ತೋಟದ ದಾರಿಯಲ್ಲಿ ಜೀಪಿನಲ್ಲಿ ತರುವಾಗ ಬಾಕ್ಸನ್ನು ನಿಲ್ಲಿಸಿಯೇ ತನ್ನಿ. ಮಲಗಿಸಿದರೆ ಒಂದು ಗುಂಡಿಗೆ ಸ್ಕ್ರೀನ್ ಬಿರುಕು ಬಿಡಬಹುದು.

ಹೋಂಸ್ಟೇ ನಡೆಸೋರಿಗೆ: 12 ಅಡಿ ಕೋಣೆಯಲ್ಲಿ ಅತಿಥಿ ಮಂಚದ ತಲೆದಿಂಬಿಗೆ ಒರಗಿ ನೋಡುತ್ತಾರೆ, ದೂರ 10 ಅಡಿ ಹತ್ತಿರ. ಅಲ್ಲಿ 32 ಇಂಚು ಚಿಕ್ಕದಾಗುತ್ತೆ, 43ರಿಂದ 50 ಸರಿ.

ಹೋಗುವ ಮುನ್ನ ಚೀಟಿಯಲ್ಲಿ ಬರೆದುಕೊಳ್ಳಿ

1. ಕಣ್ಣಿನಿಂದ ಟಿವಿ ಜಾಗಕ್ಕೆ ಎಷ್ಟು ಅಡಿ.
2. ಎಸ್‌ಡಿ ಆದರೆ ಅಡಿ × 4, ಎಚ್‌ಡಿ ಆದರೆ ಅಡಿ × 5, ಸಿನಿಮಾಗೆ ಅಡಿ × 7.5.
3. ಶೋಕೇಸ್ ಅಥವಾ ಗೋಡೆಯ ಅಗಲ, ಎತ್ತರ ಸೆಂ.ಮೀ.ನಲ್ಲಿ.
4. ಬಾಕ್ಸ್ ಎಚ್‌ಡಿಯಾ, ಎಚ್‌ಡಿಎಂಐ ಕೇಬಲ್ ಇದೆಯಾ.
5. ಗೋಡೆ ಒಳಗಿನದ್ದಾ, ಮಳೆ ಬಡಿಯೋದಾ, ಮಣ್ಣಿನದ್ದಾ.
6. ಆರಿಸಿದ ಸೈಜಿಗೆ ಹಳೇ ಪೇಪರ್ ಕತ್ತರಿಸಿ ಗೋಡೆಗೆ ಅಂಟಿಸಿ, ಎರಡು ದಿನ ಹಾಗೇ ಬಿಡಿ. ಮನೆಯವರೆಲ್ಲಾ ತಮ್ಮ ತಮ್ಮ ಜಾಗದಲ್ಲಿ ಕೂತು ನೋಡಲಿ. ಯಾರಿಗೂ ತಕರಾರು ಇಲ್ಲಾಂದ್ರೆ ಅಂಗಡಿಗೆ ಹೊರಡಿ.